ಆಟದ ಕಾರು, ಮನೆಯ ಲೆಕ್ಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಿಂದ ನಾಲ್ವರು ಗೃಹಸ್ಥರು ಒಂದೇ ವಿಷಯವನ್ನು ಕುರಿತು ನಮಗೆ ಬರೆದಿರುವರು. ಮೂವರು ನಮ್ಮಲ್ಲಿ ಓದಿದವರು. ಒಬ್ಬರು ಈ ಪತ್ರಿಕೆಯ ಮೂಲಕ ಮಾತ್ರ ಪರಿಚಿತರಾದವರು. ಕಾರಿನ ಓಟದ ಹೊಸದೊಂದು ವಿಡಿಯೋ ಗೇಮನ್ನು ಕೊಡಿಸಬೇಕೆಂದು ಇವರ ಮಕ್ಕಳು ಹಟ ಹಿಡಿದಿರುವರಂತೆ. “ಮೇಷ್ಟ್ರೇ, ಬೇಡವೆಂದರೆ ಹುಡುಗ ಮುಖ ಊದಿಸಿಕೊಂಡು ಉಣ್ಣದೆ ಮಲಗುತ್ತಾನೆ, ಆಗಲಿ ಎನ್ನೋಣವೆಂದರೆ ಕೊಳ್ಳುತ್ತಿರುವುದು ಏನೆಂಬುದೇ ನನಗೆ ತಿಳಿಯದು” ಎಂದು ಒಬ್ಬರು ಬರೆದಿರುವರು. ಈ ಎರಡನೆಯ ಮಾತೇ ಮುಖ್ಯವಾದುದೆಂದು ನಮಗೆ ತೋರಿತು. ಎತ್ತನ್ನು ಕೊಳ್ಳುವಾಗ ಹಲ್ಲು ನೋಡುವ ನಾವು, ಸೀರೆಯನ್ನು ಕೊಳ್ಳುವಾಗ ಸೆರಗು ಬಿಚ್ಚಿ ನೋಡುವ ನಾವು, ಆಟದ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಹಣ ಕೊಡುವುದೂ ಕಣ್ಣು ಮುಚ್ಚಿ ಬೈಯುವುದೂ ತರವಲ್ಲ. ಆದುದರಿಂದ ಈ ತಿಂಗಳು ಈ ಪದಾರ್ಥದ ಹಲ್ಲನ್ನು ನೋಡೋಣ.

ಈ ಬಗೆಯ ಆಟಗಳನ್ನು ಮುಕ್ತಲೋಕದ ಆಟಗಳೆನ್ನಬಹುದು. ಹಿಂದಿನ ಓಟದ ಆಟಗಳಲ್ಲಿ ಗೆರೆ ಹಾಕಿದ ದಾರಿಯಲ್ಲಿಯೇ ಕಾರು ಓಡಬೇಕಾಗಿತ್ತು. ಇವುಗಳಲ್ಲಿಯಾದರೋ ಒಂದು ಸೀಮೆಯೇ ಆಡುವವನ ಮುಂದೆ ಬಿಚ್ಚಿಕೊಳ್ಳುತ್ತದೆ. ಅವನು ಇಷ್ಟಬಂದ ಕಡೆ ತಿರುಗಬಹುದು, ಬೇಕಾದಲ್ಲಿ ಪಂದ್ಯಕ್ಕೆ ನಿಲ್ಲಬಹುದು. ೨೦೨೧ರ ನವೆಂಬರ್ ೯ರಂದು ಹೊರಬಂದ ಫೋರ್ಜಾ ಹೊರೈಜನ್ ೫ ಎಂಬ ಆಟದಲ್ಲಿ ಮೆಕ್ಸಿಕೋ ದೇಶದ ಮರುಭೂಮಿ, ಕಾಡು, ಜ್ವಾಲಾಮುಖಿ, ಗ್ವಾನಹ್ವಾತೋ ಪಟ್ಟಣದ ಇಕ್ಕಟ್ಟಾದ ಬೀದಿಗಳು ಎಲ್ಲವೂ ಇರುವುವು; ಓಡಿಸಲು ಐನೂರಕ್ಕೆ ಮೇಲ್ಪಟ್ಟು ಕಾರುಗಳಿರುವುವು. ಇದೇ ಸರಣಿಯ ಆರನೆಯ ಆಟವು ಜಪಾನಿನಲ್ಲಿ ನಡೆಯತಕ್ಕುದೆಂದು ೨೦೨೫ರ ಸೆಪ್ಟೆಂಬರಿನಲ್ಲಿ ಸಾರಿದರು. ಅಂದಿನಿಂದ ಹುಡುಗರಿಗೆ ನಿದ್ರೆಯಿಲ್ಲ.

ವೇಗದ ಆಸೆಯು ಹೊಸದೇನೂ ಅಲ್ಲ. ನಳೋಪಾಖ್ಯಾನದಲ್ಲಿ ಋತುಪರ್ಣನ ಉತ್ತರೀಯವು ರಥದಿಂದ ಜಾರಿತು. ಅವನು ಅದನ್ನು ಎತ್ತಿಕೊಳ್ಳೋಣವೆನ್ನುವಷ್ಟರಲ್ಲಿ ಬಾಹುಕವೇಷದ ನಳನು, ಅದು ಯೋಜನದಷ್ಟು ಹಿಂದೆ ಉಳಿಯಿತೆಂದು ಹೇಳಿದನು. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ಕೊನೆಯ ಬೆಂಚಿನ ಹುಡುಗನೂ ತಲೆಯೆತ್ತುತ್ತಿದ್ದನು. ಹಾಗಿರುವಲ್ಲಿ ಮಕ್ಕಳ ಆಸೆಯನ್ನೇ ದೋಷವೆಂದೆಣಿಸಲಾಗದು.

ಈ ಆಟಗಳು ಕೇವಲ ಪರದೇಶದ ಸರಕೆಂದು ತಿಳಿಯುವುದೂ ಸರಿಯಲ್ಲ. ಫೋರ್ಜಾ ಹೊರೈಜನ್ನನ್ನು ಕಟ್ಟಿದವರು ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸಿನವರು, ಅಹುದು. ಆದರೆ ಫೋರ್ಜಾ ಸರಣಿಯ ಕಾರುಗಳ ಚಿತ್ರರಚನೆಯಲ್ಲಿ ನಮ್ಮ ಬೆಂಗಳೂರಿನ ಕೈಯೂ ಉಂಟು. ೧೯೯೭ರಲ್ಲಿ ರಾಜೇಶ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯು ಹೊರದೇಶಗಳ ಆಟಗಳಿಗೆ ಇಂತಹ ಕೆಲಸವನ್ನು ಮಾಡಿಕೊಡುತ್ತಿದ್ದಿತು. ೨೦೧೯ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಎಂಬ ದೊಡ್ಡ ಕಂಪೆನಿಯವರು ಕೊಂಡರು. ಒಂದು ಕಾರಿನ ಬಾಗಿಲು, ದೀಪ, ಗಾಲಿ, ಒಳಗಣ ಕುರ್ಚಿಯ ಹೊಲಿಗೆ ಇವನ್ನೆಲ್ಲ ನೋಡಿ ನೋಡಿ ತಿದ್ದುವುದು ಶಿಲ್ಪಿಯ ತಾಳ್ಮೆಯನ್ನು ಬೇಡುವ ಕೆಲಸ. “ಇದರಿಂದ ಯಾರ ಹೊಟ್ಟೆ ತುಂಬೀತು?” ಎಂದು ಗದರಿಸುವ ತಂದೆಯು ಇದನ್ನು ತಿಳಿದಿರತಕ್ಕುದು. ಆಡುವುದರಿಂದಲೇ ಈ ವಿದ್ಯೆ ಬಂದೀತೆಂದು ವಾದಿಸುವ ಮಗನೂ, ಊಟ ಮಾಡಿದವನೆಲ್ಲ ಅಡಿಗೆಯವನಾಗಲಿಲ್ಲವೆಂಬುದನ್ನು ತಿಳಿದಿರತಕ್ಕುದು.

ಇನ್ನು ಕ್ರಯದ ವಿಚಾರ. ಚನ್ನಗಿರಿಯ ಕಡೆಯ ವಾಚಕರಿಗೆ ಚೇಣಿಯೆಂದರೇನೆಂದು ಹೇಳಬೇಕಾದುದಿಲ್ಲ. ಮರದ ಮೇಲಿನ ಅಡಿಕೆಯನ್ನು ಆ ವರ್ಷದ ಮಟ್ಟಿಗೆ ಕೊಂಡವನಿಗೆ ಕೊನೆಗಳ ಮೇಲೆ ಹಕ್ಕುಂಟು, ತೋಟದ ಮೇಲಿಲ್ಲ. ಇಂಟರ್ನೆಟ್ಟಿನ ಅಂಗಡಿಯಲ್ಲಿ ಆಟವನ್ನು ಕೊಳ್ಳುವುದೂ ಇಂತಹ ಚೇಣಿಯೇ ಹೊರತು ಶುದ್ಧ ಕ್ರಯವಲ್ಲ. ನಮಗೆ ದೊರೆಯುವುದು ಆಡುವುದಕ್ಕೆ ಅನುಮತಿ. ಆಟದ ಒಡೆತನವು ಕಂಪೆನಿಯಲ್ಲಿಯೇ ಉಳಿಯುವುದು. ಚೇಣಿಗಾದರೂ ಅವಧಿಯು ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಅದೂ ಗೊತ್ತಿರುವುದಿಲ್ಲ.

ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ಯೂಬಿಸಾಫ್ಟ್ ಕಂಪೆನಿಯವರು ೨೦೧೪ರ ಡಿಸೆಂಬರಿನಲ್ಲಿ ದಿ ಕ್ರೂ ಎಂಬ ಓಟದ ಆಟವನ್ನು ಹೊರತಂದರು. ಅಮೆರಿಕಾ ಸಂಯುಕ್ತ ಸಂಸ್ಥಾನವನ್ನೆಲ್ಲ ಕಿರಿದು ಮಾಡಿ ಅದರಲ್ಲಿ ಇಟ್ಟಿದ್ದರು. ಒಬ್ಬನೇ ಕುಳಿತು ಆಡಿದರೂ ಕಂಪೆನಿಯ ಸರ್ವರಿನೊಡನೆ ಸಂಪರ್ಕವಿರಲೇಬೇಕೆಂಬುದು ಅದರ ಕಟ್ಟು. ೨೦೨೪ರ ಮಾರ್ಚ್ ೩೧ರಂದು ಆ ಸರ್ವರುಗಳನ್ನು ನಿಲ್ಲಿಸಿದರು. ಹಣ ಕೊಟ್ಟು ಕೊಂಡವರ ಆಟವೂ ಅಂದಿಗೇ ನಿಂತಿತು. ಇದರಿಂದ ಯೂರೋಪಿನಲ್ಲಿ ದೊಡ್ಡ ಕೂಗೆದ್ದು, ಮಾರಿದ ಆಟವನ್ನು ಆಡಲಾಗದಂತೆ ಮಾಡಬಾರದೆಂಬ ಬೇಡಿಕೆಗೆ ೨೦೨೫ರ ಜುಲೈಯೊಳಗೆ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಸಹಿಗಳು ಕೂಡಿದುವು. ಅದೇ ವರ್ಷ ಆ ಕಂಪೆನಿಯವರು ದಿ ಕ್ರೂ ೨ ಎಂಬ ಮುಂದಿನ ಆಟಕ್ಕೆ ಇಂಟರ್ನೆಟ್ಟಿಲ್ಲದೆಯೂ ಆಡುವ ಅನುಕೂಲವನ್ನು ಸೇರಿಸಿದರು. ಎರಡನೆಯ ನಿದರ್ಶನವು ಸೌಮ್ಯವಾದುದು. ಫೋರ್ಜಾ ಹೊರೈಜನ್ ೪ರ ಮಾರಾಟವು ೨೦೨೪ರ ಡಿಸೆಂಬರ್ ೧೫ರಂದು ನಿಂತಿತು. ಅದರಲ್ಲಿನ ಕಾರುಗಳು, ಹಾಡುಗಳು ಮೊದಲಾದುವಕ್ಕೆ ಪಡೆದಿದ್ದ ಪರವಾನಗಿಗಳ ಅವಧಿ ಮುಗಿದುದೇ ಕಾರಣ. ಆದರೆ ಅದಕ್ಕೆ ಮುಂಚೆ ಕೊಂಡಿದ್ದವರ ಆಟಕ್ಕೆ ಭಂಗ ಬರಲಿಲ್ಲ. ಆದುದರಿಂದ ಹಣ ಕೊಡುವ ಮೊದಲು ಕೇಳತಕ್ಕ ಪ್ರಶ್ನೆಯಿದು: ಇಂಟರ್ನೆಟ್ಟಿಲ್ಲದೆ ಇದನ್ನು ಆಡಬಹುದೆ?

ಬೆಲೆಯೂ ಪೆಟ್ಟಿಗೆಯ ಮೇಲೆ ಬರೆದಷ್ಟಕ್ಕೆ ಮುಗಿಯುವುದಿಲ್ಲ. ಹೊಸದಾಗಿ ಬಂದ ದೊಡ್ಡ ಆಟಕ್ಕೆ ಕೆಲವು ಸಾವಿರ ರೂಪಾಯಿಗಳಾಗುತ್ತವೆ. ಆಮೇಲೆ ಅನುಬಂಧಗಳು ಬರುತ್ತವೆ; ಹೊರೈಜನ್ ೫ಕ್ಕೆ ೨೦೨೨ರಲ್ಲಿ ಒಂದು, ೨೦೨೩ರಲ್ಲಿ ಒಂದು ಹೀಗೆ ಎರಡು ದೊಡ್ಡ ಅನುಬಂಧಗಳು ಬಂದುವು; ಇವಕ್ಕೆ ಬೇರೆ ಹಣ. ಆಟವನ್ನು ಇಡಲು ಕಂಪ್ಯೂಟರಿನಲ್ಲಿ ನೂರು ಜಿಬಿಗೆ ಮೇಲ್ಪಟ್ಟ ಜಾಗ ಬೇಕು. ಮೊಬೈಲಿನ ದಿನಕ್ಕೆ ೨ ಜಿಬಿ ಡೇಟಾವನ್ನೇ ನಂಬಿದವರು, ಬೇರಾವುದಕ್ಕೂ ಒಂದು ತೊಟ್ಟನ್ನು ಬಳಸದಿದ್ದರೂ, ಇದನ್ನು ಇಳಿಸಿಕೊಳ್ಳಲು ೫೦ ದಿನ ಕಾಯಬೇಕಾದೀತು. ಓದಿಗೆಂದು ಕೊಂಡ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡು ಬೇರೆಯಾಗಿಲ್ಲದಿದ್ದರೆ ಆಟವು ಕುಂಟುವುದು ಅಥವಾ ಏಳುವುದೇ ಇಲ್ಲ. ಇಲ್ಲಿ ಎರಡು ಸೌಕರ್ಯಗಳೂ ಉಂಟೆಂದು ಹೇಳಬೇಕು. ಸ್ಟೀಮ್ ಎಂಬ ಅಂಗಡಿಯಲ್ಲಿ, ಕೊಂಡು ೧೪ ದಿನಗಳೊಳಗಾಗಿ, ಆಡಿದ್ದು ೨ ಗಂಟೆಗೆ ಕಡಿಮೆಯಾಗಿದ್ದರೆ, ಹಣವನ್ನು ಹಿಂದಕ್ಕೆ ಕೇಳಬಹುದು. ಮೈಕ್ರೋಸಾಫ್ಟಿನವರ ಗೇಮ್ ಪಾಸ್‌ನಂತಹ ಏರ್ಪಾಡಿನಲ್ಲಿ ತಿಂಗಳ ಚಂದಾ ಕೊಟ್ಟು, ವಾಚನಾಲಯದ ಪುಸ್ತಕದಂತೆ ಆಡಿ ಬಿಡಬಹುದು.

ಗೇಮುಗಳನ್ನೆಲ್ಲ ಸರ್ಕಾರದವರು ನಿಷೇಧಿಸಿರುವರಲ್ಲವೆ ಎಂದು ಒಬ್ಬರು ಕೇಳಿರುವರು. ೨೦೨೫ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಶಾಸನವು ನಿಷೇಧಿಸಿದುದು ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು. ಬೆಲೆ ಕೊಟ್ಟು ಕೊಂಡು ಸುಮ್ಮನೆ ಆಡುವ ಓಟದ ಆಟವು ಆ ಜಾತಿಗೆ ಸೇರಿದುದಲ್ಲ.

ಈಗ ನಾಲ್ಕು ಮನೆಗಳ ವಿಚಾರಕ್ಕೆ ಬರೋಣ. ಪ್ರಶ್ನೆಯು ಒಂದೇ ಆದರೂ ಉತ್ತರವು ಒಂದಾಗಲಾರದು.

ಚನ್ನಗಿರಿಯ ಗೃಹಸ್ಥರಿಗೆ ಹಣದ ಅಡಚಣೆಯಿಲ್ಲ. ಅಡಿಕೆಯ ಪಟ್ಟಿ ಕೈಗೆ ಬಂದಿದೆ. ಆಟ, ಅದರ ಅನುಬಂಧ, ಹೊಸ ಕಂಪ್ಯೂಟರು ಎಲ್ಲವನ್ನೂ ಒಟ್ಟಿಗೆ ಕೊಡಿಸಿಬಿಡುವೆನೆಂದಿರುವರು. ಅವರಿಗೆ ನಮ್ಮ ಸಲಹೆ: ಬರಿಯ ಆಟವನ್ನು ಕೊಳ್ಳಿರಿ, ಅದೂ ಹೊರಬಂದು ಕೆಲವು ತಿಂಗಳಾದ ಮೇಲೆ, ಬೆಲೆ ಇಳಿದಾಗ. ಕಾಯುವುದು ಹುಡುಗನಿಗೆ ಶಿಕ್ಷೆಯಲ್ಲ; ತೋಟದವನ ಮಗನು ಸಸಿ ನೆಟ್ಟು ಫಲಕ್ಕೆ ಐದಾರು ವರ್ಷ ಕಾಯುವ ಮನೆಯಲ್ಲಿ ಹುಟ್ಟಿದವನು. ಮತ್ತೊಂದು ಮಾತು. ಹದಿನಾರು ವರ್ಷದ ಆ ಹುಡುಗನು ಮನೆಯ ಬೈಕನ್ನು ಪೇಟೆಗೆ ಒಯ್ಯುವನೆಂದು ಪತ್ರದ ನಡುವೆ ಹೆಮ್ಮೆಯಿಂದ ಬರೆದಿರುವಿರಿ. ನಮಗೆ ಆಟಕ್ಕಿಂತ ಇದೇ ಭಯಕರವಾಗಿ ಕಂಡಿತು. ಹೊರೈಜನ್ ಆಟದಲ್ಲಿ ಕಾರು ಬಂಡೆಗೆ ಬಡಿದರೆ ಒಂದು ಗುಂಡಿಯನ್ನೊತ್ತಿ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಚನ್ನಗಿರಿಯ ಪೇಟೆಯ ರಸ್ತೆಯಲ್ಲಿ ಅಂತಹ ಗುಂಡಿಯನ್ನು ಯಾರೂ ಇಟ್ಟಿಲ್ಲ. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತನು ವಾಹನ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ; ವಾಹನದ ನೋಂದಣಿಯೂ ೧೨ ತಿಂಗಳು ರದ್ದು. ಆಟದ ಕಾರನ್ನು ಕೊಡುವ ದಿನವೇ ಬೈಕಿನ ಬೀಗದಕೈಯನ್ನು ಹಿಂದಕ್ಕೆ ಪಡೆಯಿರಿ.

ಹೊನ್ನಾಳಿಯವರಿಗೆ ಈ ಆಟಗಳಲ್ಲಿ ಕೊಲೆ ಸುಲಿಗೆಗಳನ್ನು ಕಲಿಸುವರೆಂಬ ಶಂಕೆ. ಕಾರು ಓಡಿಸುವ ಆಟಗಳೆಲ್ಲ ಒಂದೇ ಎಂದು ಭಾವಿಸಿದುದರಿಂದ ಈ ಶಂಕೆ ಹುಟ್ಟಿದೆ. ಯೂರೋಪಿನಲ್ಲಿ ಆಟಗಳಿಗೆ ವಯಸ್ಸಿನ ಮುದ್ರೆಯೊತ್ತುವ ಪೆಗಿ ಎಂಬ ಏರ್ಪಾಡುಂಟು. ಅದರಂತೆ ಹೊರೈಜನ್ ೫ಕ್ಕೆ ೩ರ ಮುದ್ರೆ, ಎಂದರೆ ಎಳೆಯರೂ ನೋಡಬಹುದಾದುದು. ಗ್ರಾಂಡ್ ಥೆಫ್ಟ್ ಆಟೋ ೫ ಎಂಬುದಕ್ಕೆ ೧೮ರ ಮುದ್ರೆ. ಅದರಲ್ಲಿಯೂ ಕಾರುಂಟು, ಆದರೆ ಕಳವು, ಕೊಲೆಗಳೂ ಉಂಟು. ನಿಮ್ಮ ಮಗನು ಕೇಳುತ್ತಿರುವುದು ಯಾವುದೆಂದು ಹೆಸರನ್ನು ಬರೆಯಿಸಿಕೊಂಡು, ಮುದ್ರೆಯನ್ನು ನೋಡಿರಿ. ಮೊದಲನೆಯದಾದರೆ ನಮ್ಮ ಆಕ್ಷೇಪವಿಲ್ಲ. ವೇಳೆಯೊಂದನ್ನು ಮಾತ್ರ ಮೊದಲೇ ಗೊತ್ತುಮಾಡಿರಿ. ವಿಶ್ವ ಆರೋಗ್ಯ ಸಂಸ್ಥೆಯವರು ಆಟದ ವ್ಯಸನವನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಅದು ೨೦೨೨ರ ಜನವರಿಯಿಂದ ಜಾರಿಗೆ ಬಂದಿತು. ಹತೋಟಿ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿಯನ್ನು ಕಂಡೂ ಬಿಡಲಾಗದಿರುವುದು ಇವು ಅದರ ಲಕ್ಷಣಗಳು. ರಜೆಯ ದಿನ ಎರಡು ಗಂಟೆ ಆಡಿದವನೆಲ್ಲ ರೋಗಿಯಲ್ಲ. ಆದರೆ ಈ ಲಕ್ಷಣಗಳು ತಿಂಗಳುಗಟ್ಟಲೆ ನಿಂತರೆ, ಬೈಗುಳವನ್ನು ಬಿಟ್ಟು ವೈದ್ಯರಲ್ಲಿಗೆ ಹೋಗತಕ್ಕುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ೨೦೧೪ರಿಂದ ಇದಕ್ಕೆಂದೇ ಒಂದು ಚಿಕಿತ್ಸಾಲಯವುಂಟು.

ನ್ಯಾಮತಿಯ ಪತ್ರವು ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಅಲ್ಲಿ ಲ್ಯಾಪ್‌ಟಾಪು ಇರುವುದು ಒಂದೇ. ಅದನ್ನು ಕೊಂಡುದು ಶಿವಮೊಗ್ಗೆಗೆ ಹೋಗಿ ಬಂದು ಓದುತ್ತಿರುವ ಮಗಳಿಗಾಗಿ. ತಮ್ಮನ ಆಟಕ್ಕೆ ಜಾಗ ಮಾಡಲು ಅವಳ ಪಾಠಗಳನ್ನೂ ಚಿತ್ರಗಳನ್ನೂ ಅಳಿಸಬೇಕಂತೆ. “ಅವಳೇನೂ ಬೇಡವೆನ್ನುವುದಿಲ್ಲ, ಒಳ್ಳೆಯ ಹುಡುಗಿ” ಎಂದು ತಂದೆ ಬರೆದಿರುವರು. ಅಯ್ಯಾ, ಬೇಡವೆನ್ನದಿರುವುದು ಒಪ್ಪಿಗೆಯೆಂದು ಯಾರು ಹೇಳಿದರು? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಬೇಡವೆನ್ನುವುದು ಕಡಿಮೆ. ಆ ಮೌನವನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಳ್ಳುವುದು ನಮಗೆ ರೂಢಿ. ಯಾರ ಹೆಸರಿನಲ್ಲಿ ಕೊಂಡ ವಸ್ತುವೋ ಅವರ ಮಾತು ಅಲ್ಲಿ ಕೊನೆಯದು. ಮಗನೆದುರಿಗೆ ಮಗಳನ್ನು ಕೇಳದೆ, ಒಬ್ಬಳೇ ಇರುವಾಗ ಕೇಳಿರಿ. ಅವಳ ಓದು ಮುಗಿಯುವ ತನಕ ಈ ಆಟವು ಆ ಲ್ಯಾಪ್‌ಟಾಪಿಗೆ ಬರಕೂಡದೆಂಬುದೇ ನಮ್ಮ ಅಭಿಪ್ರಾಯ.

ಜಗಳೂರಿನವರದು ಮಳೆಯನ್ನು ನಂಬಿದ ಮೆಕ್ಕೆಜೋಳದ ಹೊಲ. ಈ ಸಲ ಮಳೆಯು ಕೈಕೊಟ್ಟಿತು. ಮಗನು ತಂದೆಯ ಮೊಬೈಲಿನಲ್ಲಿ ಇಂಡಿಯನ್ ಬೈಕ್ಸ್ ಡ್ರೈವಿಂಗ್ ೩ಡಿ ಎಂಬ ಪುಕ್ಕಟೆ ಆಟವನ್ನು ಆಡುತ್ತಿದ್ದನು. ಗೆಳೆಯನ ಮನೆಯಲ್ಲಿ ದೊಡ್ಡ ಆಟವನ್ನು ಕಂಡಮೇಲೆ ಇದು ಅವನಿಗೆ ರುಚಿಸುತ್ತಿಲ್ಲ. ಸಾಲ ಮಾಡಿಯಾದರೂ ಕೊಡಿಸಲೇ ಎಂದು ತಂದೆ ಕೇಳಿರುವರು, ಇಲ್ಲವೆನ್ನಲು ನಾಚಿಕೆಯಾಗುವುದಂತೆ.

ಇವರಿಗೆ ಶೂದ್ರಕನ ಮೃಚ್ಛಕಟಿಕವನ್ನು ನೆನಪು ಮಾಡಿಕೊಡುತ್ತೇವೆ. ಬಡವನಾದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಮಗುವಿನ ಚಿನ್ನದ ಬಂಡಿಯಲ್ಲಿ ಆಡಿಬಂದು, ತನಗೆ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ದಾಸಿ ರದನಿಕೆಯು, ತಂದೆಗೆ ಮತ್ತೆ ಸಿರಿ ಬಂದಾಗ ಚಿನ್ನದ ಬಂಡಿಯಲ್ಲಿ ಆಡುವೆಯಂತೆ ಎಂದು ಸಂತೈಸುತ್ತಾಳೆ. ಅಳುವನ್ನು ತಾಳಲಾರದ ವಸಂತಸೇನೆಯು ತನ್ನ ಒಡವೆಗಳನ್ನೇ ಆ ಮಣ್ಣಿನ ಬಂಡಿಗೆ ತುಂಬಿಕೊಡುತ್ತಾಳೆ. ಕರುಣೆಯಿಂದ ಕೊಟ್ಟ ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಜಾರಿಬಿದ್ದು, ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗುತ್ತವೆ. ಒಂದು ಗಳಿಗೆಯ ಅಳುವನ್ನು ನಿಲ್ಲಿಸಲು ಮನೆಯ ಅಳತೆಗೆ ಮೀರಿದ ವಸ್ತುವು ಒಳಗೆ ಬಂದರೆ, ಅದು ಹೊರಗೆ ಹೋಗುವಾಗ ಏನನ್ನು ಎಳೆದುಕೊಂಡು ಹೋಗುವುದೋ ಹೇಳಬರುವುದಿಲ್ಲ.

ಆದುದರಿಂದ, ಜಗಳೂರಿನ ಮಿತ್ರರೇ, ಸಾಲ ಮಾಡಬೇಡಿರಿ. ಆದರೆ “ಆಟ ಕೆಟ್ಟದ್ದು” ಎಂಬ ಸುಳ್ಳನ್ನೂ ಹೇಳಬೇಡಿರಿ. ಆಟವು ಚೆನ್ನಾಗಿರುವುದೆಂದು ಅವನು ಕಣ್ಣಾರೆ ಕಂಡಿರುವನು. ಬಿತ್ತನೆಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಬಂದುದೆಷ್ಟು, ಸೊಸೈಟಿಗೆ ಕಟ್ಟಬೇಕಾದುದು ಎಷ್ಟು ಎಂಬ ಲೆಕ್ಕದ ಪುಸ್ತಕವನ್ನು ಒಂದು ಸಂಜೆ ಅವನ ಮುಂದಿಟ್ಟು, ಅವನ ಕೈಯಿಂದಲೇ ಕೂಡಿಸಿರಿ. ಹದಿನೈದು ವರ್ಷದ ಹುಡುಗನಿಗೆ ಇದು ಭಾರವಾದೀತೆಂದು ಅಂಜಬೇಡಿರಿ. ಮನೆಯ ಕಷ್ಟವನ್ನು ಮುಚ್ಚಿಟ್ಟರೆ ಮಕ್ಕಳು ಅದನ್ನು ತಂದೆಯ ಜಿಪುಣತನವೆಂದು ತಿಳಿಯುವರು. ತೋರಿಸಿದರೆ ಅದರಲ್ಲಿ ತಮ್ಮದೂ ಒಂದು ಪಾಲೆಂದು ತಿಳಿಯುವರು. ಮುಂದಿನ ವರ್ಷ ಬೆಳೆ ಬಂದರೆ ಆ ಪುಸ್ತಕದಲ್ಲಿ ಆಟಕ್ಕೂ ಒಂದು ಸಾಲನ್ನು ಬರೆಯಬಹುದು. ಅಷ್ಟರಲ್ಲಿ ಅದರ ಬೆಲೆಯೂ ಇಳಿದಿರುತ್ತದೆ.