ಪಟದಲ್ಲಿರುವ ಸಿಪಾಯಿಗೆ ಹೆಸರು ಬೇಕು

1916ರ ಜುಲೈ 14, ಪ್ಯಾರಿಸ್. ಮಿತ್ರರಾಷ್ಟ್ರಗಳ ಪಡೆಗಳು ಪಥಸಂಚಲನದಲ್ಲಿ ಸಾಗಿವೆ. ಗುಂಪಿನಿಂದ ಮುಂದೆ ಬಂದ ಹೆಂಗಸೊಬ್ಬಳು ಪೇಟ ಕಟ್ಟಿದ ಸಿಖ್ ಸಿಪಾಯಿಯ ಎದೆಗೆ ಹೂವು ಸಿಕ್ಕಿಸುತ್ತಿದ್ದಾಳೆ. ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಮಾತು ಬಂದಾಗಲೆಲ್ಲ ಅಚ್ಚಾಗುವ ಫೋಟೊ ಇದು. ಆ ಸಿಪಾಯಿ ಯಾರ ಮಗ, ಯಾವ ಊರಿನವನು? ಚಿತ್ರದ ಅಡಿಬರಹ ಹೇಳುವುದಿಲ್ಲ.

ಆ ಯುದ್ಧದ ಶತಮಾನ ಸ್ಮರಣೆ 2018ಕ್ಕೆ ಮುಗಿಯಿತು. ಗಳಿಸಿದ್ದೇನು, ಬಾಕಿ ಉಳಿದದ್ದೇನು ಎಂದು ಈಗ ಲೆಕ್ಕ ನೋಡಬೇಕು.

ಗಳಿಕೆ ಸಣ್ಣದಲ್ಲ. 13 ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧದಲ್ಲಿ ದುಡಿದರು. 74,000ಕ್ಕೂ ಹೆಚ್ಚು ಮಂದಿ ಮನೆಗೆ ಮರಳಲಿಲ್ಲ. ಪರರ ದೊರೆತನಕ್ಕಾಗಿ ಕಾದಿದವರೆಂಬ ಸಂಕೋಚದಿಂದ ನಾವು ಅವರನ್ನು ಬಹುಕಾಲ ದೂರವೇ ಇಟ್ಟೆವು. ಫ್ರಾನ್ಸಿನಲ್ಲಿ 1915ರಲ್ಲಿ ಛಾಯಾಗ್ರಾಹಕ ಗರ್ಡ್‌ವುಡ್ ತೆಗೆದ ಚಿತ್ರಗಳನ್ನು ಬ್ರಿಟಿಷ್ ಲೈಬ್ರರಿ ಅಂತರ್ಜಾಲದಲ್ಲಿ ತೆರೆದಿಟ್ಟ ಮೇಲೆ ಆ ಸಂಕೋಚ ಸಡಿಲಗೊಂಡಿತು.

ಆದರೆ ಯಾರು, ಯಾರಿಗಾಗಿ ತೆಗೆದ ಚಿತ್ರಗಳಿವು ಎಂಬುದನ್ನು ಮರೆಯುವಂತಿಲ್ಲ. ಗರ್ಡ್‌ವುಡ್‌ನ ಕೆಲವು ದಾಳಿಯ ದೃಶ್ಯಗಳು ಕ್ಯಾಮೆರಾಕ್ಕಾಗಿಯೇ ಆಡಿಸಿದವು. ಇಂಗ್ಲೆಂಡಿನ ಬ್ರೈಟನ್ ಅರಮನೆಯ ಆಸ್ಪತ್ರೆಯಲ್ಲಿ ಭಾರೀ ತೂಗುದೀಪದ ಕೆಳಗೆ ಸಾಲುಮಂಚಗಳು, ಮಂಚದ ಮೇಲೆ ಗಾಯಾಳುಗಳು. ಈ ನೋಟಗಳು ಪೋಸ್ಟ್‌ಕಾರ್ಡುಗಳಾದವು. ಇಂಗ್ಲಿಷ್, ಉರ್ದು, ಗುರುಮುಖಿಯಲ್ಲಿ ಪುಸ್ತಿಕೆಯೂ ಬಂತು. ಸರ್ಕಾರ ನಿಮ್ಮ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ ಎಂದು ಊರಿನವರಿಗೆ ಸಾರುವುದು ಉದ್ದೇಶ. ನೋವು ಏನಿತ್ತೆಂಬುದು ಮನೆಗೆ ಬರೆದ ಕಾಗದಗಳಲ್ಲಿತ್ತು. ಅವುಗಳನ್ನೂ ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು.

ಕೆಲವರ ಹೆಸರು, ಹುಟ್ಟಿದೂರು, ಆಡುವ ಭಾಷೆಗಳನ್ನು ಕೇಳಿ ಬರೆದುಕೊಂಡವರು ಶತ್ರುಗಳು. ಜರ್ಮನಿಯ ವುನ್ಸ್‌ಡಾರ್ಫ್ ಸೆರೆಶಿಬಿರದಲ್ಲಿ ಭಾಷಾ ಅಧ್ಯಯನಕ್ಕೆಂದು ಭಾರತೀಯ ಕೈದಿಗಳ ದನಿ ಮುದ್ರಿಸಿದಾಗ ಈ ವಿವರಗಳನ್ನೂ ದಾಖಲಿಸಿದರು. ಹಾಗಾಗಿಯೇ 1916ರ ಡಿಸೆಂಬರ್ 11ರಂದು ಮಾತಾಡಿದ ಮಲ್ ಸಿಂಗ್ ಇಂದಿಗೂ ತನ್ನ ಹೆಸರಿನೊಂದಿಗೇ ನಮಗೆ ಕೇಳಿಸುತ್ತಾನೆ.

ಕನ್ನಡ ನಾಡಿನ ಬಾಕಿಯೂ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಮಷಿನ್ ಗನ್‌ಗಳ ಎದುರು ಕುದುರೆ ನುಗ್ಗಿಸಿ ಹೈಫಾವನ್ನು ಗೆದ್ದವು. ಗೆದ್ದ ಊರಿನ ಬೀದಿಯಲ್ಲಿ ಈಟಿಗಳನ್ನು ನೆಟ್ಟಗೆ ಹಿಡಿದು ಸಾಲಾಗಿ ಸಾಗುವ ಸವಾರರ ಫೋಟೊ ಉಳಿದಿದೆ. ಅದರ ಅಡಿಬರಹದಲ್ಲಿ ಅವರು ಬರೀ ‘ಭಾರತೀಯ ಲ್ಯಾನ್ಸರ್’ಗಳು. ದೆಹಲಿಯ ತೀನ್ ಮೂರ್ತಿ ಯುದ್ಧಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು; ಅಲ್ಲಿನ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಊರಿಗೆ ಸಿಕ್ಕ ಗೌರವ ಸವಾರನಿಗೆ ಇನ್ನೂ ಸಿಕ್ಕಿಲ್ಲ.

ಸವಾರರ ಹೆಸರು ಹುಡುಕುವುದು ಆಗದ ಕೆಲಸವೇನಲ್ಲ. ಲಾಹೋರ್ ಮ್ಯೂಸಿಯಂನಲ್ಲಿದ್ದ ಪಂಜಾಬಿನ ಸೈನಿಕರ ಊರುವಾರು ದಫ್ತರಗಳಿಂದ ಸುಮಾರು 3.2 ಲಕ್ಷ ಜನರ ವಿವರಗಳು 2021ರಿಂದ ಬೆಳಕಿಗೆ ಬರುತ್ತಿವೆ. ಮೊಮ್ಮಕ್ಕಳು ತಮ್ಮ ಹಳ್ಳಿಯ ಪುಟ ತೆರೆದು ಹಿರಿಯರನ್ನು ಹುಡುಕಬಹುದಾಗಿದೆ. ಮೈಸೂರು ಸಂಸ್ಥಾನದ ಪಡೆಗಳಿಗೂ ಇಂಥದ್ದೊಂದು ಪಟ್ಟಿ ಬೇಕು. ರಾಜ್ಯ ಪತ್ರಾಗಾರ, ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು, ಸೈನಿಕ ಮನೆತನಗಳು ಒಟ್ಟಿಗೆ ಕೂತರೆ ಶುರುವಾಗುತ್ತದೆ.

ಬಿಡುವಾದಾಗ ಮಾಡೋಣವೆಂದರೆ ತಡವಾದೀತು. ಹಳೆಯ ಟ್ರಂಕಿನ ತಳದಲ್ಲಿ ಸಮವಸ್ತ್ರ ತೊಟ್ಟವರ ಫೋಟೊ ಇದ್ದರೆ ಇವತ್ತೇ ಹೊರತೆಗೆದು ಮನೆಯ ಹಿರಿಯರ ಮುಂದಿಡಿ. ಅವರು ಬೆರಳಿಟ್ಟು ತೋರಿಸಿ ಹೇಳುವ ಹೆಸರನ್ನು ಪೆನ್ಸಿಲಿನಲ್ಲಿ ಅದರ ಹಿಂಬದಿಗೆ ಬರೆಯಿರಿ.