ಬಾಯಿ ಬಾರದಾಗ ಮೈಯ ಮಾತು



ಮೈತುಂಬ ಬಾಸುಂಡೆ ಎದ್ದು, ಉಟ್ಟ ಸೀರೆಯಲ್ಲೇ ಮನೆ ಬಿಟ್ಟು ಬಂದವಳಿಗೆ ನೃತ್ಯವೇ? ‘ನೃತ್ಯ ಮತ್ತು ಚಲನೆಯ ಚಿಕಿತ್ಸೆ’ ಎಂಬ ಮಾತು ಕೇಳಿದರೆ ನಮ್ಮ ಸಂಘಗಳಲ್ಲಿ ಯಾರಿಗಾದರೂ ಸಿಟ್ಟು ಬಂದೀತು. ಬರಬೇಕಾದದ್ದೇ. ಆಕೆಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ವೈದ್ಯರ ಆರೈಕೆ, ಗಾಯಗಳ ದಾಖಲೆ. 181ಕ್ಕೆ ಫೋನ್ ಮಾಡುವುದು, ‘ಸಖಿ’ ಕೇಂದ್ರಕ್ಕೆ ಕರೆದೊಯ್ಯುವುದು ಮುಂದೂಡುವ ಕೆಲಸವಲ್ಲ.

ಆದರೆ ಆಮೇಲೆ? ಪೊಲೀಸರು ಕೇಳುತ್ತಾರೆ, ವಕೀಲರು ಕೇಳುತ್ತಾರೆ, ನಾವೂ ಕೇಳುತ್ತೇವೆ, ‘ಏನಾಯ್ತು ಹೇಳಮ್ಮ’ ಎಂದು. ಆಕೆ ಬಾಯಿ ಬಿಡುವುದಿಲ್ಲ. ಭಯವಾದಾಗ ದೇಹ ಓಡಲು ಇಲ್ಲವೇ ಎದುರಿಸಲು ಸಜ್ಜಾಗುತ್ತದೆ. ಎರಡಕ್ಕೂ ದಾರಿಯಿಲ್ಲದಾಗ ಮರಗಟ್ಟುತ್ತದೆ. ಬಿಗಿದ ಹೆಗಲು, ಮೇಲುಸಿರು, ಸಣ್ಣ ಸದ್ದಿಗೂ ಬೆಚ್ಚುವುದು ಅಪಾಯ ಕಳೆದ ಮೇಲೂ ಉಳಿಯಬಹುದು. ಇದನ್ನು ನಾಟಕ ಎನ್ನುವವರಿದ್ದಾರೆ. ಠಾಣೆಯಲ್ಲಷ್ಟೇ ಅಲ್ಲ, ನಮ್ಮೊಳಗೂ.

ಈ ಚಿಕಿತ್ಸೆ ಮೈಯಿಂದಲೇ ಶುರುವಾಗುತ್ತದೆ. ಅಮೆರಿಕದ ನರ್ತಕಿ ಮೇರಿಯನ್ ಚೇಸ್ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯ ರೋಗಿಗಳ ಜೊತೆ ಈ ಕೆಲಸಕ್ಕೆ ಇಳಿದರು. ನಮ್ಮ ದೇಶದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ ‘ಕೋಲ್ಕತ್ತಾ ಸಂವೇದ್’ ಸಂಸ್ಥೆ ಮಾನವ ಸಾಗಾಟದಿಂದ, ಹಿಂಸೆಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳ ನಡುವೆ ದುಡಿದಿದೆ. ಪಾರಾದವರಲ್ಲೇ ಕೆಲವರು ತರಬೇತಿ ಪಡೆದು ಮುಂದೆ ಬೇರೆಯವರಿಗೆ ಕಲಿಸುವವರಾದರು. ನನಗೆ ದೊಡ್ಡದಾಗಿ ಕಾಣುವುದು ಇದೇ.

ಇಲ್ಲಿ ತಾಳ ತಪ್ಪಿದರೆ ಕೇಳುವವರಿಲ್ಲ. ಪಾದವನ್ನು ನೆಲಕ್ಕೂರುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಕೈಯನ್ನು ಮುಂದೆ ಚಾಚಿ ‘ಸಾಕು’ ಎನ್ನುವುದು. ಹೊಡೆತಕ್ಕೆ ಮುದುಡಿದ ಮೈ ತನ್ನದೇ ಎಂದು ಆಕೆಗೆ ಮತ್ತೆ ಅನ್ನಿಸಲು ಅಷ್ಟರಿಂದಲೇ ಆರಂಭ. (ಮದುವೆಯಾದ ಮೇಲೆ ಮನೆ ಮರ್ಯಾದೆಗೆಂದು ಕೋಲಾಟ ಬಿಟ್ಟವರು ನಮ್ಮಲ್ಲೇ ಎಷ್ಟು ಜನ!)

ಇದನ್ನು ನಡೆಸಲು ತರಬೇತಾದವರೇ ಬೇಕು. ಅವಸರಪಟ್ಟರೆ ಮುಚ್ಚಿಟ್ಟ ನೆನಪು ಒಮ್ಮೆಲೇ ಕೆದಕಿಬಂದೀತು. ಸುಟ್ಟಗಾಯ, ಮೂಳೆ ಮುರಿತ, ಬಸಿರು ಇದ್ದರೆ ವೈದ್ಯರನ್ನು ಕೇಳಲೇಬೇಕು. ಆಕೆಯಿಂದ ಹೇಳಿಕೆ ಹೊರಡಿಸುವ ಉಪಾಯವಾಗಿ ಇದನ್ನು ಯಾರೂ ಬಳಸಕೂಡದು. ನಾವು ಮಾಡಬಹುದಾದದ್ದು ಬೇರೆ: ಕೇಳದೆ ಮುಟ್ಟದಿರುವುದು, ಸುಮ್ಮನೆ ಪಕ್ಕದಲ್ಲಿ ಕೂರುವುದು, ಆಕೆ ಒಪ್ಪಿದರೆ ಜೊತೆಗೆ ನಾಲ್ಕು ಹೆಜ್ಜೆ ನಡೆಯುವುದು.

ಮುಂದಿನ ತಿಂಗಳ ಸಭೆಯಲ್ಲಿ ಪ್ರತಿ ಸಂಘವೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು ಅರ್ಜಿ ಬರೆಯಲಿ. ‘ಸಖಿ’ ಕೇಂದ್ರದ ಆಪ್ತ ಸಮಾಲೋಚಕಿಯರಿಗೆ ಈ ತರಬೇತಿ ಕೊಡಿಸಿ ಎಂದು ಕೇಳೋಣ. ಜೊತೆಗೆ ಒಂದು ಕೋಣೆ, ಎರಡು ಚಾಪೆ, ಆಕೆ ತಾನೇ ಒಳಗಿನಿಂದ ಚಿಲಕ ತೆಗೆಯಬಹುದಾದ ಬಾಗಿಲು.