ಕಿವಿಗಿಟ್ಟರೂ ಆರದ ಸ್ಕ್ರೀನು ಮೊದಲು ತರಗತಿಗೆ ಬರಲಿ

ವಿಜ್ಞಾನ ಶಿಕ್ಷಕ ಮಿತ್ರರೇ,

ಈ ದೂರನ್ನು ನೀವೂ ಕೇಳಿರುತ್ತೀರಿ. ಕರೆ ಬರುತ್ತೆ, ಫೋನನ್ನು ಕಿವಿಗೆ ಇಟ್ಟುಕೊಳ್ತಾರೆ, ಆದರೆ ಸ್ಕ್ರೀನು ಆರೋದಿಲ್ಲ. ಕೆನ್ನೆ ತಾಗಿ ಒಂದು ಸಲ ಮ್ಯೂಟ್ ಆಗುತ್ತೆ, ಇನ್ನೊಂದು ಸಲ ಸ್ಪೀಕರ್ ಕೂಗುತ್ತೆ, ಮತ್ತೊಂದು ಸಲ ಮಾತಿನ ಮಧ್ಯದಲ್ಲೇ ಕರೆ ಕಟ್ ಆಗುತ್ತೆ. ಆಗ ಮನೆಯವರು ಹೈಸ್ಕೂಲಿಗೆ ಹೋಗೋ ಮಗನನ್ನೋ ಮಗಳನ್ನೋ ಕರೆದು "ನೀನು ಓದ್ತಾ ಇದ್ದೀಯಲ್ಲ, ಏನಾಗಿದೆ ನೋಡು" ಅಂತಾರೆ. ಆ ಮಗು ನಮ್ಮ ವಿದ್ಯಾರ್ಥಿ. ಬೆಳಕಿನ ಪ್ರತಿಫಲನದ ನಿಯಮವನ್ನು ಎರಡು ಅಂಕಕ್ಕೆ ತಪ್ಪಿಲ್ಲದೆ ಬರೆಯುವ ಮಗು. ಆದರೆ ತನ್ನ ಕೈಲಿರುವ ತೊಂದರೆಯೂ ಅದೇ ಪ್ರತಿಫಲನದ್ದು ಅಂತ ಅದಕ್ಕೆ ಗೊತ್ತಿಲ್ಲ, ಯಾಕಂದ್ರೆ ನಾವು ಹೇಳಿಲ್ಲ.

ನನ್ನ ಅಭಿಪ್ರಾಯ ಸರಳವಾಗಿದೆ. ಫೋನಿನ ಈ ಒಂದು ತೊಂದರೆಯನ್ನು ಪ್ರತಿ ಪ್ರೌಢಶಾಲೆಯಲ್ಲೂ ಒಂದು ಪೀರಿಯಡ್ಡು ಪಾಠ ಮಾಡಬೇಕು. ಮಕ್ಕಳು ರಿಪೇರಿ ಕಲಿಯಲಿ ಅಂತಲ್ಲ. ಕಾರಣ ಹುಡುಕದೆ ಪರಿಹಾರಕ್ಕೆ ಕೈ ಹಾಕಬಾರದು ಅನ್ನೋದನ್ನ ಕಲಿಸಲು ಇಷ್ಟು ಅಗ್ಗದ, ಇಷ್ಟು ಹತ್ತಿರದ ಉಪಕರಣ ನಮಗೆ ಬೇರೆ ಸಿಗೋದಿಲ್ಲ.

ಇದರಲ್ಲಿ ಕಳೆದುಕೊಳ್ಳೋದು ಏನಿದೆ ಅಂತ ಕೇಳಬಹುದು. ತಾರಮಂಗಲಂ ಕಡೆ ನೋಡಿ. ಸೇಲಂ ಜಿಲ್ಲೆಯ ಈ ಊರು ಹೊರಗಿನವರಿಗೆ ಕೈಲಾಸನಾಥರ ದೇವಸ್ಥಾನದಿಂದ ಪರಿಚಯ, ಒಳಗಿನವರಿಗೆ ಮಗ್ಗದಿಂದ. ಅಲ್ಲಿನ ನೇಕಾರ ಮನೆಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ನನ್ನ ಬಂಧುಗಳೂ ಅವರಲ್ಲಿದ್ದಾರೆ. ಮಾತು ಕನ್ನಡ, ಬರಹ ತಮಿಳು, ವ್ಯವಹಾರ ಪೂರ್ತಿ ಫೋನಿನಲ್ಲಿ. ಸೀರೆಯ ಡಿಸೈನು ವಾಟ್ಸಾಪಿನಲ್ಲಿ ಬರುತ್ತೆ, ನೂಲಿನ ರೇಟು ಕರೆಯಲ್ಲಿ ತೀರ್ಮಾನವಾಗುತ್ತೆ, ದುಡ್ಡು ಯುಪಿಐನಲ್ಲಿ ಬರುತ್ತೆ. ಮಗ್ಗದ ಮುಂದೆ ಎರಡೂ ಕೈ ಕೆಲಸದಲ್ಲಿರುವಾಗ ಫೋನು ಭುಜಕ್ಕೂ ಕೆನ್ನೆಗೂ ಮಧ್ಯೆ ಸಿಕ್ಕಿಕೊಂಡಿರುತ್ತೆ. ಸಾಹುಕಾರರು ಬಣ್ಣ ಹೇಳ್ತಾ ಇರುವಾಗ ಕರೆ ಮ್ಯೂಟ್ ಆದರೆ, ಇವರು ಉತ್ತರ ಕೊಡ್ತಿಲ್ಲ ಅಂತ ಅವರು ಇಟ್ಟುಬಿಡ್ತಾರೆ.

ಅಂಥದೊಂದು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗ ಯಾವುದೋ ವಿಡಿಯೋ ನೋಡಿ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದ. ಅಪ್ಪ ಕೂಡಿಟ್ಟಿದ್ದ ಡಿಸೈನಿನ ಫೋಟೋಗಳು, ಲೆಕ್ಕ ಬರೆದಿದ್ದ ಹಾಳೆಗಳ ಚಿತ್ರಗಳು ಎಲ್ಲಾ ಹೋದವು. ಸ್ಕ್ರೀನು ಮಾತ್ರ ಮೊದಲಿನ ಹಾಗೇ ಬೆಳಗ್ತಾ ಇತ್ತು. ಕಡೆಗೆ ನೋಡಿದರೆ, ಮೇಲೆ ಅಂಟಿಸಿದ್ದ ಟೆಂಪರ್ಡ್ ಗ್ಲಾಸಿನ ಕಪ್ಪು ಅಂಚು ಸೆನ್ಸರ್ ಇರುವ ಜಾಗದ ಮೇಲೆ ಕೂತಿತ್ತು. ಗ್ಲಾಸು ಕಿತ್ತ ಮೇಲೆ ಫೋನು ಸರಿಹೋಯಿತು. ಆ ಹುಡುಗ ದಡ್ಡನಲ್ಲ. "ಮೊದಲು ಏನನ್ನು ಪರೀಕ್ಷಿಸಬೇಕು" ಅನ್ನೋ ಪ್ರಶ್ನೆಯನ್ನು ಅವನ ಮುಂದೆ ಯಾರೂ ಇಟ್ಟಿರಲಿಲ್ಲ ಅಷ್ಟೇ.

ಇನ್ನು ಒಳಗೆ ನಡೆಯೋದು ಏನು? ಹೆಚ್ಚಿನ ಫೋನುಗಳಲ್ಲಿ ಕಿವಿಗೆ ಇಡುವ ಸೀಳಿನ ಹತ್ತಿರ, ಗಾಜಿನ ಕೆಳಗೆ ಒಂದು ಪುಟ್ಟ ಎಲ್‌ಇಡಿ ಮತ್ತು ಬೆಳಕನ್ನು ಗುರುತಿಸುವ ಒಂದು ಪುಟ್ಟ ಗ್ರಾಹಕ ಇರುತ್ತವೆ. ಎಲ್‌ಇಡಿ ಅವಕೆಂಪು ಕಿರಣ ಬಿಡುತ್ತೆ. ಅದರ ತರಂಗದೂರ ಸಾಮಾನ್ಯವಾಗಿ 850ರಿಂದ 940 ನ್ಯಾನೋಮೀಟರ್; ನಮ್ಮ ಕಣ್ಣು ಸುಮಾರು 700ರ ಆಚೆಗೆ ಹೆಚ್ಚೇನೂ ಕಾಣೋದಿಲ್ಲ. ಕೆನ್ನೆ ಹತ್ತಿರ ಬಂದಾಗ ಕಿರಣ ಅದಕ್ಕೆ ಬಡಿದು ಹಿಂತಿರುಗುತ್ತೆ. ಹಿಂತಿರುಗಿದ ಬೆಳಕು ಒಂದು ಮಟ್ಟ ದಾಟಿದರೆ ಫೋನು "ಹತ್ತಿರ ಏನೋ ಇದೆ" ಅಂತ ತಿಳಿದು ಸ್ಕ್ರೀನು ಆರಿಸುತ್ತೆ. ಈ ದೂರ ಸುಮಾರು ಐದು ಸೆಂಟಿಮೀಟರು. ಇದಕ್ಕೆ ಪ್ರಾಕ್ಸಿಮಿಟಿ ಸೆನ್ಸರ್ ಅಂತ ಹೆಸರು. ಮಕ್ಕಳಿಗೆ "ಹತ್ತಿರ ಗೊತ್ತುಮಾಡೋ ಕಣ್ಣು" ಅಂದರೆ ಸಾಕು, ಮರೆಯೋದಿಲ್ಲ.

ಹಳೇ ಬಟನ್ ಫೋನಿಗೆ ಈ ಕಣ್ಣು ಬೇಕಾಗಿರಲಿಲ್ಲ. ಕೆನ್ನೆ ಬಟನ್ ಒತ್ತೋದಿಲ್ಲವಲ್ಲ. ಈಗಿನ ಸ್ಕ್ರೀನು ಒತ್ತಡ ನೋಡೋದಿಲ್ಲ, ವಿದ್ಯುತ್ ಧಾರಕತೆಯ ಬದಲಾವಣೆ ನೋಡುತ್ತೆ. ಅದಕ್ಕೆ ಬೆರಳೂ ಒಂದೇ, ಕೆನ್ನೆಯೂ ಒಂದೇ, ಎರಡೂ ವಿದ್ಯುತ್ ಹರಿಯುವ ಚರ್ಮ. ಆದ್ದರಿಂದಲೇ 2007ರಲ್ಲಿ ಬಂದ ಮೊದಲ ಐಫೋನಿನಲ್ಲೇ ಈ ಸೆನ್ಸರ್ ಇತ್ತು. 2010ರ ಐಫೋನ್ 4ರಲ್ಲಿ ಇದೇ ಕೆನ್ನೆಯ ತೊಂದರೆ ಬಂದು, ಆ ವರ್ಷದ ಸೆಪ್ಟೆಂಬರಿನಲ್ಲಿ ಹೊಸ ಸಾಫ್ಟ್‌ವೇರ್ ಕೊಟ್ಟು ಸರಿಮಾಡಿದರು. ಇದರಲ್ಲೂ ಒಂದು ಪಾಠ ಇದೆ: ಬೆಳಕನ್ನು ಅಳೆಯೋದು ಸೆನ್ಸರ್, ಆದರೆ ಎಷ್ಟು ಬೆಳಕಿಗೆ "ಹತ್ತಿರ" ಅನ್ನಬೇಕು ಅಂತ ತೀರ್ಮಾನಿಸೋದು ಸಾಫ್ಟ್‌ವೇರ್. ತಪ್ಪು ಎರಡರಲ್ಲಿ ಯಾವುದರಲ್ಲಾದರೂ ಇರಬಹುದು.

ಹಾಗಾದ್ರೆ ಮಕ್ಕಳು ಪರೀಕ್ಷಿಸೋದು ಹೇಗೆ? ನಮ್ಮ ಪ್ರಯೋಗಾಲಯದ ನಿಯಮವೇ ಇಲ್ಲೂ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಖರ್ಚಿಲ್ಲದ್ದನ್ನೂ ಹಾನಿಯಿಲ್ಲದ್ದನ್ನೂ ಮೊದಲು ಮಾಡಬೇಕು.

ಮೊದಲು, ಸ್ಪೀಕರ್ ಆನ್ ಆಗಿದೆಯೇ, ಇಯರ್‌ಫೋನೋ ಬ್ಲೂಟೂತೋ ಜೋಡಿಕೊಂಡಿದೆಯೇ ನೋಡಿ. ಹಾಗಿದ್ದಾಗ ಫೋನು ಕಿವಿಯಲ್ಲಿಲ್ಲ ಅಂತ ಲೆಕ್ಕ ಹಾಕಿ ಸಾಮಾನ್ಯವಾಗಿ ಸ್ಕ್ರೀನು ಆರಿಸೋದಿಲ್ಲ. ಅದು ದೋಷ ಅಲ್ಲ.

ಆಮೇಲೆ, ಕರೆಯಲ್ಲಿರುವಾಗ ಕಿವಿಯ ಸೀಳಿನ ಮೇಲೆ ಅಂಗೈ ಹಿಡಿಯಿರಿ. ಅಂಗೈಗೆ ಆರಿ ಕೆನ್ನೆಗೆ ಆರದಿದ್ದರೆ, ಸೆನ್ಸರ್ ಸರಿಯಾಗಿದೆ. ಹಿಡಿಯುವ ರೀತಿಯಲ್ಲಿ ತೊಂದರೆ ಇದೆ. ಭುಜಕ್ಕೆ ಸಿಕ್ಕಿಸಿಕೊಂಡಾಗ ಫೋನು ಓರೆಯಾಗಿ ಸೆನ್ಸರಿನ ಎದುರು ಕೆನ್ನೆ ಇರೋದೇ ಇಲ್ಲ, ಅಥವಾ ಕೂದಲು ಇರುತ್ತೆ. ಕಪ್ಪು ಕೂದಲು ಬೆಳಕನ್ನು ಹೀರಿಕೊಳ್ಳುತ್ತೆ, ಕಡಿಮೆ ಹಿಂತಿರುಗಿಸುತ್ತೆ.

ಅಂಗೈಗೂ ಆರದಿದ್ದರೆ ಒಣಗಿದ ಮೆತ್ತನೆ ಬಟ್ಟೆಯಿಂದ ಆ ಜಾಗ ಒರೆಸಿ. ಮಗ್ಗದ ಮನೆಯಲ್ಲಿ ನೂಲಿನ ಧೂಳು, ಕೂದಲಿನ ಎಣ್ಣೆ, ಹಣೆಯ ವಿಭೂತಿ, ಎಲ್ಲಾ ಸೇರಿ ಅಲ್ಲಿ ಒಂದು ಪದರ ಕಟ್ಟಿರುತ್ತೆ. ಆಮೇಲೆ ಕವರ್ ತೆಗೆದು ನೋಡಿ. ಆಮೇಲೆ ಸ್ಕ್ರೀನ್ ಗಾರ್ಡ್. ಪ್ರತಿ ಹೆಜ್ಜೆಯ ನಂತರ ಮತ್ತೆ ಅಂಗೈ ಪರೀಕ್ಷೆ.

ಇಲ್ಲಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಸ್ಕ್ರೀನು ಯಾವಾಗಲೂ ಬೆಳಗಿದರೆ ಸೆನ್ಸರಿಗೆ ಏನಾಗಿದೆ? ಕಿವಿಯಿಂದ ತೆಗೆದರೂ ಕಪ್ಪಾಗೇ ಇದ್ದರೆ ಏನಾಗಿದೆ? ಮೊದಲನೆಯದರಲ್ಲಿ ಹಿಂತಿರುಗಿದ ಬೆಳಕು ಸೆನ್ಸರಿಗೆ ಮುಟ್ಟುತ್ತಿಲ್ಲ, ಮಧ್ಯೆ ಏನೋ ಅಡ್ಡ ಇದೆ. ಎರಡನೆಯದರಲ್ಲಿ ಎದುರು ಏನೂ ಇಲ್ಲದಿದ್ದರೂ ಬೆಳಕು ಹಿಂತಿರುಗುತ್ತಿದೆ. ಗಾರ್ಡಿನ ಗಾಜೋ ಅದರ ಕೆಳಗಿನ ಧೂಳೋ ಕೆನ್ನೆಯ ಕೆಲಸ ಮಾಡ್ತಿದೆ. ಒಂದಕ್ಕೊಂದು ವಿರುದ್ಧವಾದ ಎರಡು ಲಕ್ಷಣಗಳಿಗೆ ಒಂದೇ ಗಾರ್ಡ್ ಕಾರಣ ಆಗಬಹುದು. ಇದನ್ನು ತಾವೇ ಯೋಚಿಸಿ ಹೇಳಿದ ಮಕ್ಕಳು ಪ್ರತಿಫಲನ ಮತ್ತು ಹೀರಿಕೆಯನ್ನು ಅರ್ಥ ಮಾಡಿಕೊಂಡಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು.

ಅಷ್ಟಕ್ಕೂ ಸರಿಹೋಗದಿದ್ದರೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕೆಲವು ಫೋನುಗಳಲ್ಲಿ ಕರೆಯ ಸೆಟ್ಟಿಂಗ್ಸ್ ಒಳಗೆ ಪ್ರಾಕ್ಸಿಮಿಟಿ ಸೆನ್ಸರಿಗೇ ಒಂದು ಸ್ವಿಚ್ ಇರುತ್ತೆ, ಅದು ಆಫ್ ಆಗಿದೆಯೇ ನೋಡಿ. ಕಂಪನಿಗಳು ಪರೀಕ್ಷೆಗೆ ಅಂತಲೇ ಸಂಖ್ಯೆ ಕೊಟ್ಟಿರುತ್ತವೆ: ಅನೇಕ ಸ್ಯಾಮ್‌ಸಂಗ್ ಫೋನುಗಳಲ್ಲಿ *#0*#, ಅನೇಕ ರೆಡ್ಮಿ ಫೋನುಗಳಲ್ಲಿ *#*#6484#*#* ಅಂತ ಡಯಲ್ ಮಾಡಿದರೆ ಸೆನ್ಸರ್ ಪರೀಕ್ಷೆ ತೆರೆಯುತ್ತೆ. ಅಲ್ಲಿ ಸೆನ್ಸರ್ ಸರಿಯಾಗಿ ಉತ್ತರಿಸಿದರೆ ತೊಂದರೆ ಯಾವುದೋ ಆ್ಯಪಿನಲ್ಲೋ ಸೆಟ್ಟಿಂಗಿನಲ್ಲೋ ಇದೆ. ಸೇಫ್ ಮೋಡಿನಲ್ಲಿ ಕರೆ ಮಾಡಿ ನೋಡಿದರೆ ಹೊಸದಾಗಿ ಹಾಕಿದ ಆ್ಯಪಿನ ಕೈವಾಡ ಗೊತ್ತಾಗುತ್ತೆ. ಪರೀಕ್ಷೆಯಲ್ಲೂ ಸೆನ್ಸರ್ ಉತ್ತರಿಸದಿದ್ದರೆ ಆಗ ಅಂಗಡಿಗೆ ಹೋಗಿ. ಇತ್ತೀಚೆಗೆ ಡಿಸ್ಪ್ಲೇ ಬದಲಾಯಿಸಿದ್ದರೆ ಅದನ್ನು ಮರೆಯದೆ ಹೇಳಿ, ಯಾಕಂದ್ರೆ ಹೊಸ ಗಾಜಿನ ಕಿಂಡಿ ಸೆನ್ಸರಿಗೆ ನೇರವಾಗಿ ಕೂರದೇ ಇರೋದು ಸಾಮಾನ್ಯ. ರೀಸೆಟ್ ಅನ್ನೋದು ಕಡೆಯ ಹೆಜ್ಜೆ, ಅದೂ ಎಲ್ಲವನ್ನೂ ಬೇರೆ ಕಡೆ ಉಳಿಸಿಕೊಂಡ ಮೇಲೆ. ಗಾಜಿನ ಮೇಲಿನ ಅಡ್ಡಿಯನ್ನು ಯಾವ ರೀಸೆಟ್ಟೂ ತೆಗೆಯೋದಿಲ್ಲ.

ಇದೇ ಫೋನಿನಿಂದ ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಮಕ್ಕಳು ಫೋನು ತರೋದು ಬೇಡ, ನಿಮ್ಮದೊಂದೇ ಸಾಕು. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು, ಪಕ್ಕದ ಶಿಕ್ಷಕರಿಗೆ ಕರೆ ಮಾಡಿ. ಪಕ್ಕದಲ್ಲಿ ಒಂದು ಸ್ಕೇಲು ನೆಟ್ಟಗೆ ಹಿಡಿಸಿ. ಬಿಳಿ ಕಾಗದವನ್ನು ಮೇಲಿಂದ ನಿಧಾನವಾಗಿ ಇಳಿಸುತ್ತಾ, ಸ್ಕ್ರೀನು ಆರುವ ಎತ್ತರವನ್ನು ಬರೆದುಕೊಳ್ಳಿ. ಆಮೇಲೆ ದೀಪದ ಮಸಿ ಹಿಡಿಸಿದ ಕಾಗದ, ಕನ್ನಡಿ ಚೂರು, ಪಾರದರ್ಶಕ ಪ್ಲಾಸ್ಟಿಕ್ಕು, ಬೇರೆ ಬೇರೆ ಬಣ್ಣದ ಬಟ್ಟೆ. ಮಸಿ ಕಾಗದ ತೀರಾ ಹತ್ತಿರ ಬರೋವರೆಗೂ ಆರದೇ ಇರಬಹುದು. ಕನ್ನಡಿಯನ್ನು ಓರೆ ಹಿಡಿದರೆ ಕಿರಣ ಬೇರೆ ದಿಕ್ಕಿಗೆ ಹೋಗಿ ಸ್ಕ್ರೀನು ಆರದೇ ಉಳಿಯಬಹುದು. ಕ್ರಮ ಪ್ರತಿಫಲನ, ಅಕ್ರಮ ಪ್ರತಿಫಲನ ಅಂತ ಬೋರ್ಡಿನ ಮೇಲೆ ಬರೆದದ್ದು ಇಲ್ಲಿ ಕಣ್ಣ ಮುಂದೆ ನಡೆಯುತ್ತೆ.

ಕಪ್ಪು ಬಟ್ಟೆಯನ್ನು ಇಳಿಸಿದಾಗ ಒಂದು ಸೋಜಿಗ ಕಾಣಬಹುದು. ಬಟ್ಟೆಗೆ ಹಾಕುವ ಎಷ್ಟೋ ಕಪ್ಪು ಬಣ್ಣಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತವೆ, ಅವಕೆಂಪನ್ನು ಹೀರೋದಿಲ್ಲ. ಅಂಥ ಬಟ್ಟೆ ನಮಗೆ ಕಪ್ಪು, ಸೆನ್ಸರಿಗೆ ಹೆಚ್ಚುಕಮ್ಮಿ ಬಿಳಿ. ಮಸಿಯ ಕಪ್ಪು ಎರಡಕ್ಕೂ ಕಪ್ಪೇ. ನೇಕಾರರ ಮಕ್ಕಳಿರುವ ತರಗತಿಯಾದರೆ ಉಳಿಕೆ ನೂಲು, ಜರಿಯ ತುಂಡು ತರಿಸಿ, ರಟ್ಟಿಗೆ ಒತ್ತಾಗಿ ಸುತ್ತಿ ಪರೀಕ್ಷಿಸಿ. ಬಣ್ಣ ಅನ್ನೋದು ವಸ್ತುವಿನ ಗುಣ ಮಾತ್ರ ಅಲ್ಲ, ನೋಡುವ ಕಣ್ಣಿನದ್ದೂ ಹೌದು ಅಂತ ಯಾವ ಉಪನ್ಯಾಸವೂ ಇಷ್ಟು ಚೆನ್ನಾಗಿ ಹೇಳಲಾರದು. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಣ್ಣ ಬಿಡಿಸಿ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದು ಏರಿತು. ಹರ್ಷೆಲ್ ಕತೆಯನ್ನು ಈ ಪ್ರಯೋಗದ ನಂತರ ಹೇಳಿ ನೋಡಿ, ಮಕ್ಕಳು ಬೇರೆ ಥರ ಕೇಳ್ತಾರೆ.

ಆ ಕಿರಣ ಇದೆ ಅಂತ ನಂಬೋದು ಹೇಗೆ ಅಂತ ಯಾರಾದರೂ ಕೇಳಿದರೆ ಟಿವಿ ರಿಮೋಟನ್ನು ಫೋನಿನ ಮುಂದಿನ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ಸಾಮಾನ್ಯವಾಗಿ ನೇರಳೆ ಛಾಯೆಯ ಚುಕ್ಕೆ ಮಿನುಗುತ್ತೆ. ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪನ್ನು ತಡೆಯುವ ಫಿಲ್ಟರ್ ಬಲವಾಗಿರೋದರಿಂದ ಕಾಣದೇ ಇರಬಹುದು. ಒಂದು ಎಚ್ಚರಿಕೆ: ಎಲ್ಲಾ ಫೋನೂ ಬೆಳಕನ್ನೇ ಬಳಸೋದಿಲ್ಲ. 2016ರ ಶಿಯೋಮಿ ಮಿ ಮಿಕ್ಸ್ ಫೋನು ಇದೇ ಕೆಲಸಕ್ಕೆ ಶ್ರವಣಾತೀತ ಶಬ್ದ ಬಳಸಿತು, ಬಾವಲಿಯ ಹಾಗೆ. ನಿಮ್ಮ ಫೋನಿನಲ್ಲಿ ಮಸಿ ಕಾಗದಕ್ಕೂ ಬಿಳಿ ಕಾಗದಕ್ಕೂ ವ್ಯತ್ಯಾಸವೇ ಬರದಿದ್ದರೆ ಅಂಥ ಸಾಧ್ಯತೆಯೂ ಇದೆ ಅಂತ ಮಕ್ಕಳಿಗೆ ಹೇಳಿ. ನಿರೀಕ್ಷೆ ತಪ್ಪಿದ ಫಲಿತಾಂಶವೂ ಫಲಿತಾಂಶವೇ.

ಆಕ್ಷೇಪಣೆಗಳು ನನಗೆ ಗೊತ್ತು. "ಪೋರ್ಷನ್ ಮುಗಿಸೋದು ಯಾವಾಗ ಮೇಷ್ಟ್ರೇ?" ಬೆಳಕಿನ ಪಾಠಕ್ಕೆ ಹೇಗೂ ಇಷ್ಟು ಪೀರಿಯಡ್ಡು ಅಂತ ಇದೆ, ಅದರಲ್ಲಿ ಒಂದು ಇದು. "ಮಕ್ಕಳ ಕೈಗೆ ಫೋನು ಕೊಡಬಾರದು ಅಂತ ನಾವೇ ಹೇಳ್ತೀವಲ್ಲ?" ಕೊಡೋದು ಬೇಡವೇ ಬೇಡ. ಆದರೆ ಫೋನಿನಿಂದ ದೂರ ಇಡೋದು ಬೇರೆ, ಫೋನು ಅರ್ಥವಾಗದ ಹಾಗೆ ಇಡೋದು ಬೇರೆ. ಅರ್ಥವಾಗದ ವಸ್ತುವಿನ ಮುಂದೆ ಮನುಷ್ಯ ಬರೀ ಗಿರಾಕಿ ಆಗಿಬಿಡ್ತಾನೆ. "ರಿಪೇರಿ ಕಲಿಸೋದು ಹೈಸ್ಕೂಲಿನ ಕೆಲಸವೇ?" ನಾವು ಬಿಚ್ಚೋದನ್ನ ಕಲಿಸುತ್ತಿಲ್ಲ. ಬಿಚ್ಚುವ ಮೊದಲು, ದುಡ್ಡು ಕೊಡುವ ಮೊದಲು, ಅಳಿಸಿಹಾಕುವ ಮೊದಲು ಯೋಚಿಸೋದನ್ನ ಕಲಿಸ್ತಾ ಇದ್ದೀವಿ. ಅದು ವಿಜ್ಞಾನದ ಕೆಲಸ.

ನಮ್ಮ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಕಾರಣಕ್ಕೂ ಇದು ಬೇಕು. ಗಡಿಯ ಈಚೆ ಇರಲಿ ಆಚೆ ಇರಲಿ, ಫೋನಿನ ಒಳಗಿನ ವಿದ್ಯೆ ಇಂಗ್ಲಿಷಿನವರದ್ದು, ನಮ್ಮದು ಬರೀ ಪಠ್ಯಪುಸ್ತಕ ಅನ್ನೋ ಹಿಂಜರಿಕೆ ಅವರಲ್ಲಿ ಇದೆ. ಕೆನ್ನೆಯಿಂದ ಹಿಂತಿರುಗುವ ಬೆಳಕನ್ನು ಮನೆಮಾತಿನಲ್ಲೇ ಅಪ್ಪನಿಗೆ ವಿವರಿಸಿ, ಬಟ್ಟೆಯಿಂದ ಒರೆಸಿ, "ಈಗ ಮಾತಾಡಪ್ಪ" ಅಂತ ಫೋನು ಕೊಡುವ ಮಗುವಿಗೆ ಆ ಹಿಂಜರಿಕೆ ಉಳಿಯೋದಿಲ್ಲ.

ಈ ತಿಂಗಳು ಒಂದು ಪೀರಿಯಡ್ಡು ಇದಕ್ಕೆ ಕೊಡಿ. ಯಾವ ವಸ್ತುವಿಗೆ ಎಷ್ಟು ಸೆಂಟಿಮೀಟರಿನಲ್ಲಿ ಸ್ಕ್ರೀನು ಆರಿತು ಅಂತ ಮಕ್ಕಳು ಬರೆದ ಪಟ್ಟಿಯನ್ನು, ಫೋನಿನ ಮಾಡೆಲ್ ಸಮೇತ, ನಮ್ಮ ಪತ್ರಿಕೆಗೆ ಕಳಿಸಿ. ನಾಲ್ಕು ಊರಿನ ಪಟ್ಟಿ ಪಕ್ಕಪಕ್ಕ ಇಟ್ಟರೆ ಮುಂದಿನ ಪಾಠ ಅದರಿಂದಲೇ ಹುಟ್ಟುತ್ತೆ.